ಗೋಡೆ ಮೇಲಿನ ಬಿಳಿ ಸೊನ್ನೆ

"ನಗಬೇಡ ಕಣೆ, ನಿಜ ಹೇಳ್ತಿದೀನಿ. ಅಪ್ಪಂಗೆ ಕಿವಿ ಕೇಳ್ಸಲ್ಲ!"

"ಯಾರಪ್ಪಂಗೆ?"

"ಪಕ್ಕದ್ಮನೆಯವರ ಅಪ್ಪಂಗೆ! ನಮ್ಮಪ್ಪಂಗೇ ಕಣೆ ಮಂಕೆ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿ ಇದ್ದೂ ಇಲ್ಲದ ಹಾಗೆ. ಎಂಟು ತಿಂಗಳಾಯ್ತಂತೆ."

ಚೂಟಿ ಬಾಯಿಂದ ಬ್ರಷ್ ತೆಗೆಯದೆಯೇ ನಕ್ಕುಬಿಟ್ಟಳು. ನೊರೆ ಅಕ್ಕನ ತೋಳಿನ ಮೇಲೆ ಸಿಡಿಯಿತು. ನಗದೆ ಏನು ಮಾಡಬೇಕು? ಮೀನಿಗೆ ಈಜು ಮರೆತುಹೋಯಿತಂತೆ ಅಂದರೆ ಯಾರಾದರೂ ನಂಬುತ್ತಾರೆಯೇ? ಅವಳಪ್ಪ ಸಂಸಾರ ಸಾಕುತ್ತಿದ್ದುದೇ ಕಿವಿಯಿಂದ. ನೀರು ಸರಬರಾಜು ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಅವನದು ಒಂದೇ ಕೆಲಸ. ಊರು ತುಂಬ ನಡೆಯಬೇಕು, ರಸ್ತೆಗೆ ಕಡ್ಡಿ ಊರಿ ಕಿವಿ ಕೊಡಬೇಕು, ನೆಲದಡಿಯ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಹೇಳಬೇಕು. ಆಫೀಸಿನವರು ಅವನನ್ನು ಕರೆಯುತ್ತಿದ್ದುದೇ 'ನೆಲಗಿವಿ' ಎಂದು.

"ಯಾರು ಹೇಳಿದ್ದು ನಿಂಗೆ?"

"ಕಿವಿ ಡಾಕ್ಟರ ನರ್ಸಮ್ಮ." ಅಕ್ಕ ಕೆಲಸ ಮಾಡುವ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲೇ ಕಿವಿ ಡಾಕ್ಟರು ಕೂರುತ್ತಿದ್ದರು. "ನಿನ್ನೆ ಸಂಜೆ ಕೆಳಗಿಳಿದು ಬಂದು, 'ನಿಮ್ಮಪ್ಪ ಮೂರನೇ ಸಲ ಬಂದು ಹೋದ್ರು, ಮಿಷನ್ ಹಾಕ್ಕೊಳ್ಳಿ ಅಂದ್ರೆ ಒಪ್ತಾನೇ ಇಲ್ಲ, ನೀವಾದ್ರೂ ಹೇಳಿ' ಅಂದ್ಲು. ನಾನು ಮಾತ್ರೆ ಗಂಟಲಲ್ಲಿ ಸಿಕ್ಕೊಂಡವಳ ಥರ ನಿಂತಿದ್ದೆ."

"ನಾವು ಮಾತಾಡಿದ್ದಕ್ಕೆಲ್ಲ ಸರಿಯಾಗೇ ಉತ್ತರ ಕೊಡ್ತಾನಲ್ಲೇ?"

"ಬಾಯಿ ನೋಡ್ಕೊಂಡು ಕೊಡ್ತಾನೆ. ಬೆನ್ನ ಹಿಂದೆ ನಿಂತು ಕರೆದು ನೋಡು, ಗೊತ್ತಾಗುತ್ತೆ."

ಹಿತ್ತಲಿನಿಂದ ಅಮ್ಮನ ದನಿ ಬಂತು. "ಏನ್ರೇ ಅದು ಗುಸುಗುಸು? ನೀರು ಹೋಗೋಕೆ ಮುಂಚೆ ಒಬ್ಬಳಾದ್ರೂ ಬಂದು ಬಿಂದಿಗೆ ಎತ್ತಬಾರ್ದಾ? ನಿಮ್ಮಪ್ಪನ ಹಾಗೆ ನಿಮಗೂ ಕಿವಿ ಊರಿಗೆ ಮಾತ್ರ, ಮನೆಗಲ್ಲ!"

ಈ ಮಾತನ್ನು ಅಮ್ಮ ವರ್ಷಗಳಿಂದ ಹೇಳುತ್ತಿದ್ದಳು. ಗಂಡಂದಿರೆಲ್ಲರ ಕಾಯಿಲೆ ಇದು ಎಂದುಕೊಂಡು ಮನೆಯವರು ಸುಮ್ಮನಿದ್ದರು. ಈಗ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೂಟಿ ಬಾಯಿ ಮುಕ್ಕಳಿಸಲು ನೀರು ತೆಗೆದುಕೊಂಡಳು. ಆ ನೀರು ಬಾಯಲ್ಲೇ ಉಳಿಯಿತು. ಎಂಟು ದಿನದ ಹಿಂದಿನ ಸಂಜೆ ನೆನಪಾಗಿತ್ತು.

ಕಾಲೇಜು ಹುಡುಗಿಯಾದ ಚೂಟಿಗೆ ಕೂತಲ್ಲಿ ಕೂರುವ ಜಾಯಮಾನವಿಲ್ಲ. ಆರು ವರ್ಷದವಳಿದ್ದಾಗಿನಿಂದ ಅಪ್ಪನ ಬಾಲವಾಗಿ ಊರು ಸುತ್ತಿದವಳು. ಅದೂ ಬೇರೆಯವರು ಸುತ್ತುವ ಹೊತ್ತಿನಲ್ಲಲ್ಲ. "ಊರು ಬಾಯಿ ಮುಚ್ಚಿದಾಗಲೇ ನೆಲ ಬಾಯಿ ಬಿಡೋದು" ಎನ್ನುತ್ತಿದ್ದ ಅಪ್ಪ. ಹಾಗಾಗಿ ಅವರಿಬ್ಬರೂ ಕಡುಬೇಸಿಗೆಯ ನಡುಮಧ್ಯಾಹ್ನ, ಟಾರು ಚಪ್ಪಲಿಗೆ ಅಂಟುವಾಗ, ನಾಯಿಗಳು ಕೂಡ ಬೊಗಳಲು ಸೋಮಾರಿಯಾದಾಗ ಹೊರಡುತ್ತಿದ್ದರು. ಜಡಿಮಳೆ ನಿಂತು ಜನ ಇನ್ನೂ ಸೂರಿನಡಿ ನಿಂತೇ ಇರುವ ಆ ಹತ್ತು ನಿಮಿಷದಲ್ಲಿ ಓಡುತ್ತಿದ್ದರು. ಚಳಿಗಾಲದಲ್ಲಿ ಹಾಲಿನವನಿಗಿಂತ ಮುಂಚೆ. ಗದ್ದಲದ ಮಾರುಕಟ್ಟೆಯೂ ಉಸಿರಾಡುತ್ತದೆ, ಬಸ್ ನಿಲ್ದಾಣದ ನೆಲಕ್ಕೂ ಒಂದು ದನಿಯಿದೆ ಎಂಬುದು ಚೂಟಿಗೆ ಗೊತ್ತಾಗಿದ್ದು ಹೀಗೆ.

ಕಡ್ಡಿ ಎಂದರೆ ಎದೆಯೆತ್ತರದ ಉಕ್ಕಿನ ಸಲಾಕೆ. ಮೇಲ್ತುದಿಯಲ್ಲಿ ಕಿವಿ ಇಡಲು ಹಿತ್ತಾಳೆಯ ಪುಟ್ಟ ಬಟ್ಟಲು. ಸೋರಿಕೆ ಇದ್ದರೆ ಅಪ್ಪ ಕೆಂಪು ಸುಣ್ಣಕಡ್ಡಿಯಿಂದ ಅಡ್ಡಗೀಟು ಹಾಕುತ್ತಿದ್ದ. ಮರುದಿನ ಅಗೆಯುವವರು ಬರುತ್ತಿದ್ದರು. ಇಲ್ಲದಿದ್ದರೆ ಬಿಳಿ ಸೊನ್ನೆ. ಬಿಳಿ ಸೊನ್ನೆ ಬಿದ್ದ ಕಡೆ ವರ್ಷದವರೆಗೆ ಯಾರೂ ತಿರುಗಿ ನೋಡುವುದಿಲ್ಲ. ನೆಲಗಿವಿಯ ಸೊನ್ನೆ ಎಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ.

ಎಂಟು ದಿನದ ಹಿಂದೆ ಕ್ರಿಕೆಟ್ ಫೈನಲ್ ಇತ್ತು. ಊರಿಗೆ ಊರೇ ಟೀವಿ ಮುಂದೆ ಕೂತಿತ್ತು. ಬೀದಿಗಳು ಗುಡಿಸಿ ಇಟ್ಟ ಹಾಗೆ ಖಾಲಿ. "ಚೂಟಿ, ಬರ್ತೀಯಾ?" ಎಂದು ಕರೆದವನು ಅಪ್ಪನಲ್ಲ. "ನಾನೂ ಬರ್ತೀನಿ" ಎಂದು ಗಂಟುಬಿದ್ದವಳು ಅವಳೇ. ಅಪ್ಪ ಯಾಕೋ ಮುಖ ಸಪ್ಪೆ ಮಾಡಿದ್ದ. ಮೆಟ್ಟಿಲೋಣಿಗೆ ಹೋದರು. ಗುಡ್ಡದ ಮೈಗೆ ಆನಿಕೊಂಡ ನೂರಾ ಹನ್ನೆರಡು ಮೆಟ್ಟಿಲು, ಪಕ್ಕದಲ್ಲಿ ಎರಡಾಳೆತ್ತರದ ಹಳೆಯ ಕಲ್ಲುಗೋಡೆ. ಗೋಡೆಯ ಮೇಲೆ ನಾಲ್ಕು ಮನೆ ಮತ್ತು ಪುಟಾಣಿಗಳ ಶಿಶುವಿಹಾರ. ಗೋಡೆಯ ಬುಡದಲ್ಲಿ ಟೈಲರಮ್ಮನ ಅಂಗಡಿ, ಅಂಗಡಿಯ ಹಿಂದೆಯೇ ಅವಳ ಮನೆ. ಅಪ್ಪ ಗೋಡೆಯ ಪಕ್ಕ ಕಡ್ಡಿ ಊರಿ ಬಲಗಿವಿ ಇಟ್ಟ. ಚೂಟಿ ಫೋಟೋ ತೆಗೆಯಲು ಕಡ್ಡಿಯ ನಡುವಿಗೆ ಕೈ ಆನಿಸಿದ್ದಳು. ಅಂಗೈಯೊಳಗೆ ಏನೋ ಗುರ್ ಎಂದಿತು, ತೊಡೆಯ ಮೇಲೆ ಮಲಗಿದ ಬೆಕ್ಕಿನ ಹಾಗೆ.

"ಅಪ್ಪ, ನಡುಗ್ತಿದೆ!" ಎಂದಿದ್ದಳು ಅವನ ಬೆನ್ನಿಗೆ.

ಅಪ್ಪ ತಿರುಗಲಿಲ್ಲ. ಅವಳು ತನ್ನ ಫೋನೇ ನಡುಗಿರಬೇಕೆಂದು ಅದನ್ನೇ ನೋಡಿದಳು. ಯಾರ ಕರೆಯೂ ಇರಲಿಲ್ಲ. ಅಷ್ಟರಲ್ಲಿ ಅಪ್ಪ ಗೋಡೆಯ ಮೇಲೆ ದುಂಡಗೆ ಬಿಳಿ ಸೊನ್ನೆ ಬರೆದಿದ್ದ.

ಚೂಟಿ ಬಾಯಲ್ಲಿದ್ದ ನೀರನ್ನು ಉಗಿದಳು. "ಅಪ್ಪ ಎಲ್ಲೇ?"

"ಬೆಳಿಗ್ಗೆನೇ ಹೋದ. ಇವತ್ತು ಬಂದ್ ಅಲ್ವಾ, ಗಾಡಿ ಗೀಡಿ ಏನೂ ಇಲ್ಲ. ಅವನಿಗೆ ಹಬ್ಬ."

ಫೋನು ಮಾಡಿದಳು. ಒಂದು ಸಲ, ಎರಡು ಸಲ, ಐದು ಸಲ. ಎತ್ತಲಿಲ್ಲ. 'ಫೋನ್ ಎತ್ತೋ ಬುದ್ಧಿನೇ ಇಲ್ಲ ಈ ಅಪ್ಪಂಗೆ' ಎಂದು ತಾನು ಬೈಯುತ್ತಿದ್ದುದು ನೆನಪಾಗಿ ಕಿವಿ ಬಿಸಿಯಾಯಿತು. ಸುತ್ತ ಕಣ್ಣಾಡಿಸಿ, ಕಿಟಕಿಯ ಪರದೆ ಕಡ್ಡಿಯನ್ನು ಸರಕ್ಕನೆ ಕಿತ್ತಳು.

"ಲೇ! ನನ್ನ ಪರದೆ! ಹುಚ್ಚು ಹಿಡಿತೇನೇ?"

"ಆಮೇಲೆ ಬೈಯಿ. ಅಮ್ಮಂಗೆ ಏನೂ ಹೇಳ್ಬೇಡ," ಎಂದು ಚೂಟಿ ಬಾಗಿಲು ದಾಟಿದಳು.

ಹೊರಗೆ ಮಂಜು. ಎಂಟು ಗಂಟೆಯಾಗಿದ್ದರೂ ಬೀದಿಯ ಆಚೆ ಬದಿ ಕಾಣುತ್ತಿರಲಿಲ್ಲ. ಅಂಗಡಿಗಳ ಕದ ಹಾಕಿತ್ತು. ಬಂದ್ ದಿನಗಳಲ್ಲಿ ಅಪ್ಪನ ಜೊತೆ ಎಷ್ಟೋ ಸಲ ಬಂದಿದ್ದಳು. ಆಗೆಲ್ಲ ಖಾಲಿ ಊರು ತನಗೇ ಬರೆದುಕೊಟ್ಟ ಆಸ್ತಿ ಎನಿಸುತ್ತಿತ್ತು. ನಡುರಸ್ತೆಯಲ್ಲಿ ಕುಣಿದದ್ದೂ ಉಂಟು. ಇವತ್ತು ಅದೇ ರಸ್ತೆ ಅವಳನ್ನು ನೋಡಿ ಉಸಿರು ಬಿಗಿಹಿಡಿದಂತಿತ್ತು. ತನ್ನ ಚಪ್ಪಲಿಯ ಸದ್ದಿಗೆ ತಾನೇ ಎರಡು ಸಲ ತಿರುಗಿ ನೋಡಿದಳು. ಗಡಿಯಾರದ ವೃತ್ತದಲ್ಲಿ ಗಡಿಯಾರವೇ ಕಾಣಲಿಲ್ಲ, ಬರೀ ಅದರ ಟಿಕ್ ಟಿಕ್ ಮೇಲಿನಿಂದ ಉದುರುತ್ತಿತ್ತು. ಎಲ್ಲೋ ದೂರದಲ್ಲಿ ಗುಂಪೊಂದು ಕೂಗುತ್ತಾ ಸಾಗಿತು. ಅದು ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯದೆ ಬೀಗ ಹಾಕಿದ ಬೇಕರಿಯ ಕಟ್ಟೆಗೆ ಬೆನ್ನು ಹಚ್ಚಿ ನಿಂತಳು. ಕೂಗು ಕರಗಿದ ಮೇಲೆ ಉಳಿದ ಮೌನ ಕೂಗಿಗಿಂತ ಕೆಟ್ಟದಾಗಿತ್ತು.

ಮನಸ್ಸಿನಲ್ಲಿ ಒಂದೇ ಲೆಕ್ಕ. ಮಳೆ ನಿಂತು ಎರಡು ತಿಂಗಳಾಗಿದೆ. ಗೋಡೆ ಒಣಗಿರಬೇಕು. ಒಣಗಿದ್ದರೆ ಸಾಕಪ್ಪಾ, ಒಣಗಿದ್ದರೆ ಸಾಕು.

ಒಣಗಿರಲಿಲ್ಲ.

ಮೆಟ್ಟಿಲೋಣಿಯ ಕೆಳತುದಿಯಲ್ಲಿ ಅವಳು ಗೋಡೆಗೆ ಅಂಗೈ ಇಟ್ಟಳು. ಕಲ್ಲು ಜ್ವರ ಬಿಟ್ಟವರ ಹಣೆಯಂತೆ ಬೆವತಿತ್ತು. ಮಂಜಿನ ತೇವ ಇದ್ದೀತು ಎಂದು ಸಮಾಧಾನ ಮಾಡಿಕೊಂಡು ಬುಡಕ್ಕೆ ಬಗ್ಗಿದಳು. ಎರಡು ಕಲ್ಲುಗಳ ಸಂದಿನಿಂದ ಬೆರಳು ದಪ್ಪದ ನೀರು ಸದ್ದಿಲ್ಲದೆ ಇಳಿದು ಚರಂಡಿ ಸೇರುತ್ತಿತ್ತು. ನೀರು ಕೆಂಪಗಿತ್ತು. "ತಿಳಿನೀರು ಬಂದ್ರೆ ಕೊಳವೆ ಅಳ್ತಿದೆ ಅಂತ ತಿಳ್ಕೋ. ಕೆಂಪುನೀರು ಬಂದ್ರೆ ಗುಡ್ಡ ಅಳ್ತಿದೆ." ಅಪ್ಪ ಎಂದೋ ಹೇಳಿಕೊಟ್ಟ ಪಾಠ. ಅದಕ್ಕೆ ಸರಿಯಾಗಿ ಮೇಲೆ, ತಲೆಯೆತ್ತರದಲ್ಲಿ, ಬಿಳಿ ಸೊನ್ನೆ.

ಪರದೆ ಕಡ್ಡಿ ಊರಿ ಕಿವಿ ಇಟ್ಟಳು. ತನ್ನ ಎದೆಬಡಿತ ಬಿಟ್ಟರೆ ಏನೂ ಕೇಳಲಿಲ್ಲ. ಆಗಲೇ ಬೇರೆ ಸದ್ದು ಬಂತು.

ಟಕ್.

ಮೇಲಿನಿಂದ, ಮಂಜಿನೊಳಗಿಂದ. ಕಲ್ಲಿನ ಮೇಲೆ ಕಬ್ಬಿಣ.

ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ, ಇನ್ನೊಂದಿಷ್ಟು ಕೆಳಗೆ, ಟಕ್.

"ಯಾರದು?"

ಮತ್ತೆ ಟಕ್.

"ಯಾರ್ರೀ ಅದು? ನಾನು ಕೂಗ್ತೀನಿ ನೋಡಿ!" ಆಗಲೇ ಕೂಗುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಓಡೋಣವೆಂದರೆ ಕಾಲು ಮೆಟ್ಟಿಲಿಗೆ ಬೇರುಬಿಟ್ಟಂತಿತ್ತು. ಮಂಜು ಒಂದು ಕ್ಷಣ ತೆಳುವಾಯಿತು. ಇಪ್ಪತ್ತು ಮೆಟ್ಟಿಲ ಮೇಲೆ ಮನುಷ್ಯಾಕೃತಿಯೊಂದು ಮಂಡಿಯೂರಿ ಕೂತಿತ್ತು. ಬಾಯಿ ತೆರೆದಿತ್ತು. ಬಾಯೊಳಗೆ ಕಬ್ಬಿಣದ ಸಲಾಕೆ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಅದು ನೆಲವನ್ನೇ ಹೀರುತ್ತಿರುವ ಹಾಗಿತ್ತು.

ಚೂಟಿಯ ಗಂಟಲಿನಿಂದ ಹೊರಟ ಕಿರುಚಾಟಕ್ಕೆ ಟೈಲರಮ್ಮನ ಸೂರಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಆ ಆಕೃತಿ ಮಾತ್ರ ಕಣ್ಣು ಸಹ ತೆರೆಯಲಿಲ್ಲ. ಯಾಕೆ ತೆರೆಯಲಿಲ್ಲ ಎಂಬುದು ಅವಳಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಆಮೇಲೆ ಮೆಟ್ಟಿಲು ಹತ್ತಿ ಹೋಗಿ ಅವನ ಹೆಗಲು ಮುಟ್ಟಿದಳು.

ಅಪ್ಪ ಬೆಚ್ಚಿಬಿದ್ದು ಬಾಯಿಂದ ಕಡ್ಡಿ ಬಿಟ್ಟ. ಹಿತ್ತಾಳೆಯ ಬಟ್ಟಲನ್ನು ತಿರುಚಿ ತೆಗೆದು ಜೇಬಿಗೆ ಹಾಕಿಕೊಂಡಿದ್ದ. ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು. ಹಳೆಯ ಗುರುತುಗಳೂ ಇದ್ದವು.

"ನೀನ್ಯಾಕೆ ಬಂದೆ?" ಎಂದ. ಆಮೇಲೆ ಅವಳ ಮುಖ ನೋಡಿ, "ಗೊತ್ತಾಯ್ತಾ?" ಎಂದ.

ಚೂಟಿ ತಲೆಯಾಡಿಸಿದಳು.

"ಕಿವಿ ಹೋಯ್ತು ಮಗಳೇ, ಮೂಳೆ ಹೋಗಿಲ್ಲ. ಡಾಕ್ಟ್ರು ಕವೆಯಂಥ ಉಕ್ಕಿನ ಕಡ್ಡಿ ಬಾರಿಸಿ ಹಣೆಗೆ ಇಟ್ಟಾಗ ಗೊಯ್ ಅಂತ ಕೇಳಿಸ್ತು. ಮಾರನೇ ದಿನನೇ ಕಡ್ಡಿ ಕಚ್ಚಿ ನೋಡಿದೆ. ಮೊದಲಿಗಿಂತ ಚೆನ್ನಾಗಿ ಕೇಳ್ಸುತ್ತೆ. ಎಂಟು ತಿಂಗಳು ಹಾಗೇ ನಡೆಸಿದೀನಿ. ಒಂದೂ ತಪ್ಪಿಲ್ಲ."

"ಮತ್ತೆ ಇದು?" ಅವಳು ಕೆಳಗಿನ ಸೊನ್ನೆಯತ್ತ ಕೈ ತೋರಿದಳು.

ಅಪ್ಪ ಎತ್ತಲೋ ನೋಡಿದ. "ಅವತ್ತು ನೀನು ಜೊತೆಗಿದ್ದೆ. ನಾಯಿ ಮೂಳೆ ಕಚ್ಚೋ ಥರ ಮಗಳೆದುರು ಹೇಗೆ ಕಚ್ಚಲಿ? ಕಿವಿ ಇಟ್ಟ ಹಾಗೆ ಮಾಡಿದೆ. ಆಮೇಲೆ ಒಬ್ಬನೇ ಬಂದು ಸರಿಯಾಗಿ ನೋಡೋಣ ಅಂದ್ಕೊಂಡೆ. ನಸುಕಿಗೆ ಬೇರೆ ಬೀದಿಗಳ ಪಾಳಿ, ಆಮೇಲೆ ದಿನಾ ಗಾಡಿ, ದಿನಾ ಗದ್ದಲ. ಹಲ್ಲಿಗೂ ಮೌನ ಬೇಕಲ್ಲ. ಇವತ್ತೇ ಆಗಿದ್ದು."

ಗಂಟುಬಿದ್ದವಳು ತಾನೇ. ಚೂಟಿ ಕಡ್ಡಿಯ ತುದಿಯನ್ನು ಲಂಗದ ಅಂಚಿನಿಂದ ಒರೆಸಿ ಹಲ್ಲಲ್ಲಿ ಕಚ್ಚಿದಳು.

ತಲೆಬುರುಡೆಯ ತುಂಬ ನೀರು ನುಗ್ಗಿತು. ಕೊಳವೆಯೊಂದು ಹರಿದು ಬುಸುಗುಡುತ್ತಿತ್ತು. ಅದರಡಿಯಲ್ಲಿ ಇನ್ನೊಂದು ಸದ್ದಿತ್ತು. ಸಣ್ಣದು, ಬಿಟ್ಟುಬಿಟ್ಟು ಬರುವಂಥದು. ಯಾರೋ ಮೊರದಲ್ಲಿ ಕಲ್ಲು ಆರಿಸುತ್ತಿದ್ದಾರೆ ಅನ್ನುವ ಹಾಗೆ. ಗುಡ್ಡ ಒಳಗೊಳಗೇ ಉದುರುತ್ತಿತ್ತು. ಅವಳು ಕಡ್ಡಿಯನ್ನು ಬಿಸಾಡಿದಂತೆ ಬಿಟ್ಟಳು.

"ಮೊದಲು ಜನ," ಎಂದ ಅಪ್ಪ.

ಟೈಲರಮ್ಮನ ಬಾಗಿಲು ತೆರೆಯಲೇ ಇಲ್ಲ. ಒಳಗಿನಿಂದ ಅವಳು ಎಳೆದಳು, ಹೊರಗಿನಿಂದ ಇವರು ನೂಕಿದರು. "ಎರಡು ದಿನದಿಂದ ಹಟ ಹಿಡಿದಿದೆ ಈ ಬಾಗಿಲು, ಥೇಟ್ ನಮ್ಮತ್ತೆ!" ಎಂದು ಅವಳು ಒಳಗಿನಿಂದಲೇ ನಗುತ್ತಿದ್ದಳು. ಚೂಟಿಗೆ ನಗು ಬರಲಿಲ್ಲ. ಚೌಕಟ್ಟಿನ ಮೇಲಿನ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತಿತ್ತು. ಅಪ್ಪ ಕಡ್ಡಿಯನ್ನೇ ಸಂದಿಗೆ ತೂರಿಸಿ ಮೀಟಿದ. ಬಾಗಿಲು ಕಿತ್ತುಕೊಂಡು ಬಂತು. ಟೈಲರಮ್ಮ ಕೊರಳಲ್ಲಿ ಅಳತೆ ಪಟ್ಟಿ, ಕೈಯಲ್ಲಿ ಅರ್ಧ ಹೊಲಿದ ರವಿಕೆ ಹಿಡಿದು ಹೊರಬಂದಳು. ಬಿರುಕು ನೋಡಿದ ಮೇಲೆ ಅವಳ ನಗು ನಿಂತಿತು.

ಮೇಲಿನ ಮನೆಗಳವರು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಕೈಯಲ್ಲಿ ಪೇಪರು ಹಿಡಿದೇ ಬಂದು ಗೋಡೆಗೆ ಬೆರಳು ಚಾಚಿದರು.

"ಅದು ಯಾರ ಕೈಬರಹ? ನಿಮ್ಮದೇ ತಾನೆ? ಹೋದ ವಾರ ಸೊನ್ನೆ ಕೊಟ್ಟು, ಈ ವಾರ ಮನೆ ಬಿಡಿ ಅಂತೀರಲ್ಲ! ನಾನು ಮಕ್ಕಳಿಗೂ ಹೀಗೆ ಅಂಕ ತಿದ್ದಿದವನಲ್ಲಪ್ಪ."

ಅಪ್ಪ ಅವರ ತುಟಿಯನ್ನೇ ನೋಡುತ್ತಿದ್ದ. "ಆ ಸೊನ್ನೆ ಸುಳ್ಳು ಮೇಷ್ಟ್ರೇ. ಬರೆದವನು ನಾನೇ. ದಯವಿಟ್ಟು ಹೊರಗೆ ಬನ್ನಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ."

ಮೇಷ್ಟ್ರು ಪೇಪರು ಮಡಚಿದರು. ಒಳಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದರು. ಉಳಿದವರೂ ಒಬ್ಬೊಬ್ಬರಾಗಿ ಇಳಿದರು. ಶಿಶುವಿಹಾರದ ಗೇಟಿನಲ್ಲಿ ಬಂದ್ ಪ್ರಯುಕ್ತ ರಜೆ ಎಂಬ ಚೀಟಿ ನೇತಾಡುತ್ತಿತ್ತು. ಕಿಟಕಿಯಲ್ಲಿ ಕಾಗದದ ಮೀನುಗಳು. ನಾಳೆ ಬೆಳಿಗ್ಗೆ ಎಂಟಕ್ಕೆ ಮೂವತ್ತು ಮಕ್ಕಳು ಆ ಗೋಡೆಯ ನೆತ್ತಿಯ ಮೇಲೆ ಕುಣಿಯುತ್ತಾರೆ.

"ನಮ್ಮ ಆಫೀಸಿನ ಎಂಜಿನಿಯರಮ್ಮಂಗೆ ಫೋನ್ ಮಾಡು," ಎಂದು ಅಪ್ಪ ತನ್ನ ಫೋನನ್ನು ಕೊಟ್ಟ. "ನನಗೆ ಕೇಳ್ಸಲ್ಲ. ನೀನೇ ಹೇಳು."

ಚೂಟಿ ಅವನನ್ನು ಪಕ್ಕಕ್ಕೆ ಎಳೆದಳು. ಅವನಿಗೆ ಕಾಣುವ ಹಾಗೆ ತುಟಿ ಅಗಲಿಸಿ ಹೇಳಿದಳು. "ಅಪ್ಪ, ಹೋದ ವಾರ ಇರಲಿಲ್ಲ, ನಿನ್ನೆ ಒಡೆದಿದೆ ಅನ್ನೋಣ. ಯಾರಿಗೆ ಗೊತ್ತಾಗುತ್ತೆ? ನಿನ್ನ ಕಿವಿ ವಿಷಯ ಬೇಡ. ಕೆಲಸ ಹೋಗುತ್ತೆ."

"ನಿನ್ನೆ ಒಡೆದದ್ದು ಅಂದ್ರೆ ಏನಂತಾರೆ ಹೇಳು? ಬಂದ್ ಮುಗೀಲಿ, ನಾಡಿದ್ದು ನೋಡೋಣ ಅಂತಾರೆ. ನಾನಾದ್ರೂ ಹಾಗೇ ಅಂತಿದ್ದೆ. ಎಂಟು ದಿನದ್ದು ಅಂದ್ರೆ ಒಳಗೆ ಎಷ್ಟು ಮಣ್ಣು ಹೋಗಿರುತ್ತೆ ಅಂತ ಆಯಮ್ಮಂಗೆ ಗೊತ್ತು. ಈಗಲೇ ನೀರು ನಿಲ್ಲಿಸ್ತಾರೆ."

ಅಷ್ಟು ಹೇಳಿ ಅಪ್ಪ ಗೋಡೆಯತ್ತ ತಿರುಗಿ ನಿಂತ. ಬೇಕೆಂದೇ ತಿರುಗಿದನೋ, ಕೆಂಪು ನೀರು ನೋಡಲು ತಿರುಗಿದನೋ, ಅವಳಿಗೆ ತಿಳಿಯಲಿಲ್ಲ. ಈಗ ಅವಳ ತುಟಿ ಅವನಿಗೆ ಕಾಣದು. ಏನು ಹೇಳಿದರೂ ಅವನಿಗೆ ತಿಳಿಯದು.

"ಹಲೋ? ಏನ್ರೀ ನೆಲಗಿವಿ, ಬಂದ್ ದಿನನೂ ಬಿಡಲ್ವಾ?" ಎಂಜಿನಿಯರಮ್ಮನ ದನಿಯಲ್ಲಿ ನಿದ್ದೆಯಿತ್ತು.

"ಮೇಡಂ, ನಾನು ಅವರ ಮಗಳು." 'ನಿನ್ನೆ' ಎಂಬ ಮಾತು ತುದಿನಾಲಿಗೆಯಲ್ಲೇ ಇತ್ತು. ಅವಳಿಗೆ ಕಡ್ಡಿಯೊಳಗಿನ ಆ ಸಣ್ಣ ಸದ್ದು ನೆನಪಾಯಿತು, ಮೊರದೊಳಗಿನ ಕಲ್ಲು. "ಮೆಟ್ಟಿಲೋಣಿಯ ಗೋಡೆ ಹಿಂದೆ ಕೊಳವೆ ಒಡೆದಿದೆ. ಕೆಂಪು ನೀರು ಬರ್ತಿದೆ. ಎಂಟು ದಿನದಿಂದ. ಅಪ್ಪ ಅವತ್ತು ಸೊನ್ನೆ ಹಾಕಿದ್ದು ತಪ್ಪು. ಅವರಿಗೆ... ಅಪ್ಪಂಗೆ ಕಿವಿ ಕೇಳ್ಸಲ್ಲ ಮೇಡಂ. ಎಂಟು ತಿಂಗಳಾಯ್ತು."

ಆ ಕಡೆ ಮಂಚ ಕಿರುಗುಟ್ಟಿತು.

"ಬಿರುಕು ಇದೆಯಾ?"

"ಇದೆ. ಟೈಲರಮ್ಮನ ಬಾಗಿಲ ಮೇಲೆ."

"ಜನ?"

"ಐದು ಮನೆಯವರೂ ಹೊರಗಿದಾರೆ."

"ಯಾರನ್ನೂ ಒಳಗೆ ಬಿಡಬೇಡಿ. ಪಾತ್ರೆ ಮರೆತೆ, ಪತ್ರ ಮರೆತೆ ಅಂತ ಯಾರಾದ್ರೂ ಓಡಿದ್ರೆ ಕಾಲು ಹಿಡ್ಕೊಂಡಾದ್ರೂ ನಿಲ್ಸಿ. ನೀರು ಕಟ್ಟೋಕೆ ಅರ್ಧ ಗಂಟೆಯಲ್ಲಿ ಸೈಕಲ್ ಮೇಲೆ ವಾಲ್ವಿನವನು ಬರ್ತಾನೆ. ಶಿಶುವಿಹಾರದವರಿಗೆ ನಾನು ಹೇಳ್ತೀನಿ, ನಾಳೆ ಗೇಟು ತೆಗೆಯೋ ಹಾಗಿಲ್ಲ."

"ಅಪ್ಪನ ಕೆಲಸ ಮೇಡಂ..."

"ಆ ಮಾತು ಗೋಡೆ ನಿಂತ್ರೆ ಆಡೋಣ." ಎಂಜಿನಿಯರಮ್ಮ ದನಿ ತಗ್ಗಿಸಿದಳು. "ಒಂದು ಕೇಳ್ತೀನಿ. ಕಿವಿ ಇಲ್ಲದೆ ಇವತ್ತು ಹೇಗೆ ಗೊತ್ತಾಯ್ತು ಅವರಿಗೆ?"

"ಹಲ್ಲಿನಲ್ಲಿ."

"ಏನು?"

"ಕಡ್ಡಿ ಕಚ್ಚಿ ಕೇಳ್ತಾರೆ ಮೇಡಂ. ನಾನೂ ಕಚ್ಚಿ ನೋಡಿದೆ. ಕೇಳ್ಸುತ್ತೆ."

ಎಂಜಿನಿಯರಮ್ಮ ಎದ್ದು ನಡೆಯುವ ಸದ್ದಾಯಿತು. "ನಾಳೆ ಬೆಳಿಗ್ಗೆ ಆರಕ್ಕೆ ಅಗೆಯುವವರನ್ನ ಕರ್ಕೊಂಡು ಬರ್ತೀನಿ. ಮೆಟ್ಟಿಲ ಕೆಳಗೆ ಇರಿ, ಇಬ್ಬರೂ. ಎಲ್ಲಿ ಅಗೆದರೆ ಗೋಡೆ ಬೀಳಲ್ಲ ಅಂತ ಅವರೇ ಹೇಳ್ಬೇಕು. ನನ್ನೆದುರಿಗೇ ಕಚ್ಚಿ ತೋರಿಸ್ಬೇಕು."

ಚೂಟಿ ಫೋನು ಇಳಿಸಿದಳು. ಅಪ್ಪ ಇನ್ನೂ ಗೋಡೆಯತ್ತಲೇ ಮುಖ ಮಾಡಿದ್ದ. ಅಂಗಿಯ ತೋಳಿನಿಂದ ಬಿಳಿ ಸೊನ್ನೆಯನ್ನು ಉಜ್ಜುತ್ತಿದ್ದ. ಒದ್ದೆ ಕಲ್ಲಿನ ಮೇಲೆ ಅದು ಅಳಿಸದೆ ಬರೀ ಹರಡುತ್ತಿತ್ತು. ಅವನ ಕಾಲ ಬಳಿ ಸಾಸಿವೆಯಷ್ಟು ಮಣ್ಣು ಉದುರಿತು. ಅವನಿಗೆ ಆ ಸದ್ದು ಕೇಳಲಿಲ್ಲ. ಅವಳಿಗೆ ಕೇಳಿಸಿತು. ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು, ಇನ್ನೂ ಹಿಂದಕ್ಕೆ, ಓಣಿಯ ಆಚೆ ಬದಿಯವರೆಗೆ.

"ಏನಂದ್ರು?" ಎಂದ ಅಪ್ಪ.

ಹೇಳಲು ಹೋದರೆ ತುಟಿ ನಡುಗಿ ಅವನಿಗೆ ಓದಲು ಬರುವಂತಿರಲಿಲ್ಲ. ಅವಳು ಅವನ ಜೇಬಿನಿಂದ ಕೆಂಪು ಸುಣ್ಣಕಡ್ಡಿ ತೆಗೆದು ಮೆಟ್ಟಿಲ ಮೇಲೆ ದೊಡ್ಡದಾಗಿ ಬರೆದಳು:

ನಾಳೆ ಬೆಳಿಗ್ಗೆ 6. ಇಲ್ಲೇ. ನೀನು, ನಾನು, ಕಡ್ಡಿ.